ಮುರಿದ ಭಾಗ: ಮನೆಯಲ್ಲೇ ಎರಕ ಹೊಯ್ಯೋದಾ, ಹೊರಗೆ ಮಾಡಿಸೋದಾ?

ಮೆಕ್ಕೆಜೋಳದ ಸುಗ್ಗಿ ಶುರುವಾಯಿತೆಂದರೆ ದಾವಣಗೆರೆಯ ನಮ್ಮ ಶೆಡ್ಡಿನ ಬಾಗಿಲಿಗೆ ಗೋಣಿಚೀಲಗಳು ಬರುತ್ತವೆ. ಒಳಗೆ ಜೋಳ ಇರುವುದಿಲ್ಲ. ಎರಡು ತುಂಡಾದ ಬ್ರಾಕೆಟ್ಟು, ಕಿವಿ ಮುರಿದ ಬೇರಿಂಗ್ ಹೌಸಿಂಗು (ಬೇರಿಂಗು ಕೂರುವ ಗೂಡು), ಹಲ್ಲು ಉದುರಿದ ಗೇರು. ತಂದವರು ಕೇಳುವುದು ಒಂದೇ ಮಾತು: "ಅಣ್ಣ, ಇದನ್ನ ಹೊಯ್ದು ಕೊಡ್ತೀಯಾ?" ಹಿತ್ತಲಲ್ಲಿ ಸಣ್ಣ ಕುಲುಮೆ ಇಟ್ಟುಕೊಂಡವನಿಗೆ ಹೂಂ ಅನ್ನುವ ಆಸೆ ಇದ್ದೇ ಇರುತ್ತದೆ. ಆದರೂ ಬಂದ ಹತ್ತರಲ್ಲಿ ಆರೇಳನ್ನು ನಾನು ವಾಪಸ್ ಕಳಿಸುತ್ತೇನೆ. ಕೆಲವು ಬೆಸುಗೆ ಅಂಗಡಿಗೆ ಹೋಗುತ್ತವೆ, ಕೆಲವು ಲೇತಿಗೆ (ಲೋಹ ಕಡೆಯುವ ಯಂತ್ರ), ಕೆಲವು ಫೌಂಡ್ರಿಗೆ (ಎರಕದ ಕಾರ್ಖಾನೆ). ಉಳಿದ ಮೂರಕ್ಕೆ ಮಾತ್ರ ನಮ್ಮ ಕುಲುಮೆಗೆ ಬೆಂಕಿ.

ಯಾವುದನ್ನು ಎಲ್ಲಿಗೆ ಕಳಿಸಬೇಕು ಅನ್ನುವುದೇ ಇಲ್ಲಿನ ವಿಷಯ. ಲೋಹ ಕರಗಿಸುವುದು ಕಷ್ಟವಲ್ಲ, ಯೂಟ್ಯೂಬ್ ನೋಡಿ ಒಂದು ವಾರದಲ್ಲಿ ಕಲಿಯಬಹುದು. ಯಾವ ಭಾಗವನ್ನು ಕರಗಿಸಿ ಮಾಡಬಾರದು ಅಂತ ತಿಳಿಯುವುದಕ್ಕೆ ನನಗೆ ನಾಲ್ಕೈದು ವರ್ಷ ಹಿಡಿಯಿತು.

ಮೊದಲು ಮುರಿದ ಬಾಯಿ ನೋಡಿ

ಭಾಗ ಕೈಗೆ ಬಂದ ತಕ್ಷಣ ಮುರಿದ ಜಾಗವನ್ನು ಬಿಸಿಲಿಗೆ ಹಿಡಿಯಿರಿ. ಬೂದು ಬಣ್ಣ, ಸಕ್ಕರೆ ಹರಳಿನಂಥ ಕಾಳು ಕಂಡರೆ ಅದು ಬೀಡು, ಅಂದರೆ ಎರಕದ ಕಬ್ಬಿಣ. ಅನುಮಾನವಿದ್ದರೆ ಮೂಲೆಯಲ್ಲಿ ಒಂದು ಸಣ್ಣ ತೂತು ಕೊರೆಯಿರಿ. ಬೀಡಾದರೆ ಕಪ್ಪು ಪುಡಿ ಉದುರುತ್ತದೆ, ಬೆರಳಿಗೆ ಪೆನ್ಸಿಲ್ ಸೀಸದ ಹಾಗೆ ಮೆತ್ತುತ್ತದೆ. ಉಕ್ಕಾದರೆ ಸುರುಳಿ ಸುರುಳಿಯಾಗಿ ಬರುತ್ತದೆ.

ಆಮೇಲೆ ಬಣ್ಣ ನೋಡಿ. ಬಾಯಿಯ ಅರ್ಧ ಭಾಗ ಎಣ್ಣೆ ಕುಡಿದು ಕಪ್ಪಾಗಿದೆ, ಇನ್ನರ್ಧ ಹೊಸದಾಗಿ ಹೊಳೆಯುತ್ತಿದೆ ಅಂದರೆ ಅದು ನಿನ್ನೆ ಮುರಿದದ್ದಲ್ಲ. ಬಿರುಕು ತಿಂಗಳುಗಟ್ಟಲೆ ಹಿಂದೆಯೇ ಬಿಟ್ಟಿದೆ, ನಿನ್ನೆ ಜೀವ ಹೋಗಿದೆ ಅಷ್ಟೇ. ಇಂಥ ಕಡೆ ಶಾಫ್ಟ್ ಸೊಟ್ಟಗಿರುತ್ತದೆ, ಇಲ್ಲ ಬೆಲ್ಟು ವಿಪರೀತ ಬಿಗಿ ಇರುತ್ತದೆ, ಇಲ್ಲ ಯಾರೋ ನಾಲ್ಕು ಬೋಲ್ಟಿನ ಜಾಗದಲ್ಲಿ ಮೂರು ಹಾಕಿರುತ್ತಾರೆ. ಅದನ್ನು ಸರಿ ಮಾಡದೆ ಹೊಸ ಭಾಗ ಕೂರಿಸಿದರೆ ಮುಂದಿನ ಸುಗ್ಗಿಗೆ ಅದೇ ಗೋಣಿಚೀಲ ವಾಪಸ್ ಬರುತ್ತದೆ.

ಇನ್ನು ಮೂರು ಪ್ರಶ್ನೆ. ಅದು ಬಿಸಿಯಾಗುತ್ತದಾ? ಎಷ್ಟು ವೇಗವಾಗಿ ತಿರುಗುತ್ತದೆ? ಓಡುವಾಗ ಮುರಿದರೆ ಯಾರ ಮೇಲೆ ಬೀಳುತ್ತದೆ?

ಮೊದಲ ಪ್ರಶ್ನೆಯ ಬೆಲೆ ನನಗೆ ಗೊತ್ತಾದದ್ದು ಒಂದು ಮಂಡಕ್ಕಿ ಭಟ್ಟಿಯಲ್ಲಿ. ಭತ್ತದ ಹೊಟ್ಟಿನ ಬೆಂಕಿ ಪಕ್ಕದಲ್ಲೇ ಇರುವ ಶಾಫ್ಟಿಗೆ ಒಂದು ಬೇರಿಂಗ್ ಹೌಸಿಂಗ್ ಮುರಿದಿತ್ತು. "ಅಲ್ಯೂಮಿನಿಯಂನಾಗ ಹೊಯ್ದು ಕೊಟ್ಬಿಡಣ್ಣ, ಇವತ್ತೇ ಭಟ್ಟಿ ಹಚ್ಚಬೇಕು" ಅಂದರು. ಕೊಟ್ಟೆ. ನೋಡಲು ಚೆಂದವೇ ಇತ್ತು. 20 ದಿನಕ್ಕೆ ಬೇರಿಂಗು ಗೂಡಿನಲ್ಲಿ ಲೊಟಲೊಟ ಅನ್ನತೊಡಗಿತು. ಕಾರಣ ಸರಳ. ಬಿಸಿಗೆ ಅಲ್ಯೂಮಿನಿಯಂ ಬೀಡು ಮತ್ತು ಉಕ್ಕಿನ ಎರಡು ಪಟ್ಟು ಹಿಗ್ಗುತ್ತದೆ. ಬೇರಿಂಗಿನ ಹೊರಬಳೆ ಉಕ್ಕು, ಗೂಡು ಅಲ್ಯೂಮಿನಿಯಂ. ಬೆಂಕಿ ಹತ್ತಿದಷ್ಟೂ ಗೂಡು ಸಡಿಲ. 200 ಡಿಗ್ರಿ ಹತ್ತಿರ ಹೋದರೆ ಲೋಹದ ಬಲವೂ ಇಳಿಯುತ್ತದೆ. ಆ ಜಾಗಕ್ಕೆ ಬೀಡೇ ಆಗಬೇಕಿತ್ತು.

ಬೆಸುಗೆಯನ್ನು ಕೀಳಾಗಿ ನೋಡಬೇಡಿ

ಎರಕದ ಹುಚ್ಚು ಹತ್ತಿದವರು ಬೆಸುಗೆಯನ್ನು ತೇಪೆ ಅಂತ ಹೀಯಾಳಿಸುತ್ತಾರೆ. ನಾನೂ ಹಾಗೇ ಇದ್ದೆ. ನಿಂತ ಜಾಗದಲ್ಲಿ ನಿಂತಿರುವ ಬ್ರಾಕೆಟ್ಟು, ಕಾಲು, ಕವರು, ಇಂಥವಕ್ಕೆ ತುಂಡುಗಳೆಲ್ಲ ಸಿಕ್ಕಿದ್ದರೆ ಬೆಸುಗೆಯೇ ಮೊದಲ ಆಯ್ಕೆ. ಅರ್ಧ ದಿನದ ಕೆಲಸ.

ಆದರೆ ಬೀಡನ್ನು ಸಾಮಾನ್ಯ ವೆಲ್ಡಿಂಗ್ ರಾಡಿನಲ್ಲಿ ಹಚ್ಚಿಸಬೇಡಿ. ಹಚ್ಚಿದ ಜಾಗದ ಪಕ್ಕ ಗಾಜಿನಷ್ಟು ಗಟ್ಟಿಯಾಗಿ, ತಣ್ಣಗಾಗುವಾಗ ಟಿಕ್ ಅಂತ ಸದ್ದು ಮಾಡಿ ಬಿರಿಯುತ್ತದೆ. ಎರಡು ದಾರಿ ಇವೆ. ಒಂದು ನಿಕ್ಕಲ್ ರಾಡು: ಒಂದೊಂದು ಇಂಚು ಹಚ್ಚಿ, ಸುತ್ತಿಗೆಯಲ್ಲಿ ಹಗುರವಾಗಿ ತಟ್ಟಿ, ಕೈ ಇಡುವಷ್ಟು ಆರಿದ ಮೇಲೆ ಮುಂದಿನ ಇಂಚು. ಇನ್ನೊಂದು ಗ್ಯಾಸಿನಲ್ಲಿ ಹಿತ್ತಾಳೆ ರಾಡು, ಬಿಳಿಗಾರ ಹಾಕಿ ಬ್ರೇಜಿಂಗ್. ಹಳೇ ಮೆಷಿನ್ನಿನ ಭಾಗಕ್ಕೆ ನನಗೆ ಬ್ರೇಜಿಂಗೇ ಇಷ್ಟ. ಬೀಡು ಕರಗುವುದಿಲ್ಲ, ಹಿತ್ತಾಳೆ ಮಾತ್ರ ಹರಿದು ಹಿಡಿಯುತ್ತದೆ. ಎಣ್ಣೆ ಕುಡಿದ ಬಿರುಕಾದರೆ ಮೊದಲು ಬಿಸಿ ಮಾಡಿ ಎಣ್ಣೆ ಸುಡಬೇಕು, ಇಲ್ಲದಿದ್ದರೆ ಹಿತ್ತಾಳೆ ಕೆಸುವಿನೆಲೆ ಮೇಲಿನ ನೀರಿನ ಹಾಗೆ ಉರುಳಿ ಹೋಗುತ್ತದೆ. ಬಿರುಕಿನ ಎರಡೂ ತುದಿಗೆ ಒಂದೊಂದು ತೂತು ಹೊಡೆದರೆ ಅದು ಮುಂದೆ ಓಡುವುದಿಲ್ಲ. ಕೆಲಸ ಮುಗಿದ ಮೇಲೆ ಒಣ ಬೂದಿಯಲ್ಲೋ ಸುಣ್ಣದ ಪುಡಿಯಲ್ಲೋ ಹೂತು ಬೆಳಗಿನ ತನಕ ಮುಟ್ಟಬಾರದು.

ಅಂಗಡಿಯಲ್ಲಿ ಸಿಗುವುದನ್ನು ಹೊಯ್ಯಬೇಡಿ

ಪುಲ್ಲಿ, ಬುಷ್ (ಶಾಫ್ಟು ಒಳಗೆ ತಿರುಗುವ ಬಳೆ), ಮಾಮೂಲಿ ಬೇರಿಂಗ್ ಹೌಸಿಂಗ್: ಇವು ಮೂರಕ್ಕೂ ಕುಲುಮೆ ಹಚ್ಚುವುದು ಸುಮ್ನೆ ಇದ್ದಿಲು ದಂಡ.

ಎ ಮತ್ತು ಬಿ ವಿ-ಬೆಲ್ಟಿನ ಬೀಡಿನ ಪುಲ್ಲಿಗಳು ಎಲ್ಲ ಅಳತೆಯಲ್ಲೂ ರೆಡಿ ಸಿಗುತ್ತವೆ. ಗೊತ್ತಿಲ್ಲದಿದ್ದರೆ ಬೆಲ್ಟಿನ ಮೇಲಿನ ಅಗಲ ಅಳೆಯಿರಿ: 13 ಮಿಲಿಮೀಟರ್ ಇದ್ದರೆ ಎ, 17 ಇದ್ದರೆ ಬಿ. ಇಲ್ಲಿ ಹಣಕ್ಕಿಂತ ಪ್ರಾಣದ ಲೆಕ್ಕ ದೊಡ್ಡದು. ನಿಮಿಷಕ್ಕೆ 1440 ಸುತ್ತಿನ ಮೋಟಾರಿಗೆ 12 ಇಂಚಿನ ಪುಲ್ಲಿ ಹಾಕಿದರೆ ಅದರ ಅಂಚು ಸೆಕೆಂಡಿಗೆ ಸುಮಾರು 23 ಮೀಟರ್ ಓಡುತ್ತದೆ. ಅಂದರೆ ಗಂಟೆಗೆ 80 ಕಿಲೋಮೀಟರಿಗಿಂತ ಜಾಸ್ತಿ. ಒಳಗೆ ಗಾಳಿಗುಳ್ಳೆ ಇರುವ ಮನೆ ಎರಕದ ಪುಲ್ಲಿ ಆ ವೇಗದಲ್ಲಿ ಬಿರಿದರೆ ಪಕ್ಕದಲ್ಲಿ ಕಾಳು ಸುರಿಯುತ್ತಿರುವವನ ಗತಿ ಏನು? ಚಳ್ಳಕೆರೆ ಎಣ್ಣೆ ಮಿಲ್ಲಿನವರೊಬ್ಬರು ದೊಡ್ಡ ಪುಲ್ಲಿ ತಂದಾಗ ನಾನು ಟೀ ಕುಡಿಸಿ ಕಳಿಸಿದೆ.

ಬುಷ್ ಕಥೆ ಬೇರೆ. ಚನ್ನಗಿರಿ ಕಡೆಯ ಅಡಿಕೆ ಸುಲಿಯುವ ಮೆಷಿನ್ನುಗಳಿಂದ ಸವೆದ ಗನ್‌ಮೆಟಲ್ (ತಾಮ್ರ-ತವರದ ಮಿಶ್ರಲೋಹ) ಬುಷ್ ಬರುತ್ತಲೇ ಇರುತ್ತವೆ. ನಡುವೆ ತೂತಿರುವ ಗನ್‌ಮೆಟಲ್ ರಾಡು ತೂಕದ ಲೆಕ್ಕದಲ್ಲಿ ಸಿಗುತ್ತದೆ. ತಂದು ಲೇತಿನಲ್ಲಿ ಟರ್ನಿಂಗ್ ಮಾಡಿಸಿದರೆ ಒಂದು ಗಂಟೆಯ ಕೆಲಸ. ಹಗುರ ಲೋಡು, ಧೂಳು ಜಾಸ್ತಿ ಇರುವ ಕಡೆ ಕಾಸ್ಟ್ ನೈಲಾನ್ ಕೂಡ ಬಾಳುತ್ತದೆ. ಹಲ್ಲಿನ ಗೇರುಗಳಿಗೂ ಇದೇ ಮಾತು. ಇಎನ್-8 ಉಕ್ಕಿನ ರಾಡಿನಲ್ಲಿ ಕತ್ತರಿಸಿದ ಗೇರಿನ ಮುಂದೆ ಮರಳಿನಲ್ಲಿ ಹೊಯ್ದ ಗೇರು ಆಟದ ಸಾಮಾನು.

ಹಾಗಾದರೆ ಮನೆಯಲ್ಲಿ ಹೊಯ್ಯುವುದು ಏನು?

ಆಕಾರ ವಿಚಿತ್ರ, ಅಂಗಡಿಯಲ್ಲಿ ಸಿಗದು, ನಿಧಾನಕ್ಕೆ ತಿರುಗುತ್ತದೆ ಅಥವಾ ತಿರುಗುವುದೇ ಇಲ್ಲ, ಬಿಸಿ ತಾಗದು. ಕೈಚಕ್ರ, ಲಿವರು, ಹಿಡಿಕೆ, ಗಾರ್ಡು, ಮುಚ್ಚಳ, ಮೋಟಾರಿನ ಸಣ್ಣ ಬ್ರಾಕೆಟ್ಟು. ಇವಕ್ಕೆ ಅಲ್ಯೂಮಿನಿಯಂ ಹೇಳಿ ಮಾಡಿಸಿದ್ದು. ಕರಗುವುದು 660 ಡಿಗ್ರಿಗೆ, ಹೊಯ್ಯುವುದು 700ರಿಂದ 750ರ ಒಳಗೆ. ಇದ್ದಿಲು, ಒಂದು ಬ್ಲೋವರ್, ಫೈರ್ ಬ್ರಿಕ್ಕಿನ ಗೂಡು ಸಾಕು.

ಒಂದು ಉದಾಹರಣೆ ಪೂರ್ತಿ ಹೇಳುತ್ತೇನೆ. ನನ್ನ ಲೇತು ಹರಿಹರದ್ದು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳು ನಮ್ಮ ಕಡೆ ಇನ್ನೂ ಎಷ್ಟೋ ಶೆಡ್ಡುಗಳಲ್ಲಿ ದುಡಿಯುತ್ತಿವೆ. ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿತು. ನನ್ನ ಲೇತಿನ 200 ಮಿಲಿಮೀಟರಿನ ಕೈಚಕ್ರ ಬಿದ್ದು ಮೂರು ಹೋಳಾಯಿತು.

ಹೋಳುಗಳನ್ನು ಎಂ-ಸೀಲಿನಲ್ಲಿ ಅಂಟಿಸಿ ಅದನ್ನೇ ಪ್ಯಾಟರ್ನ್ (ಮರಳಿನಲ್ಲಿ ಒತ್ತಿ ಅಚ್ಚು ಮಾಡುವ ಮಾದರಿ) ಮಾಡಿದೆ. ಹೊಸಬರು ಮರೆಯುವುದು ಇಲ್ಲೇ. ಅಲ್ಯೂಮಿನಿಯಂ ತಣ್ಣಗಾಗುವಾಗ ನೂರಕ್ಕೆ ಸುಮಾರು 1.3 ಕುಗ್ಗುತ್ತದೆ. ಹಳೇ ಭಾಗವನ್ನೇ ಅಚ್ಚೊತ್ತಿದರೆ 200ರ ಚಕ್ರ 197 ಚಿಲ್ಲರೆ ಆಗಿ ಬರುತ್ತದೆ. ಕೈಚಕ್ರಕ್ಕೆ ಪರವಾಗಿಲ್ಲ. ನಾಲ್ಕು ಬೋಲ್ಟಿನ ತೂತು ಕೂಡಬೇಕಾದ ಫ್ಲ್ಯಾಂಜಿಗೆ ಅದು ನಡೆಯುವುದಿಲ್ಲ. ಅಂಥ ಕಡೆ ತೂತುಗಳನ್ನು ಪುಟ್ಟಿ ತುಂಬಿ ಮುಚ್ಚಿ, ಎರಕ ಆದ ಮೇಲೆ ಹೊಸದಾಗಿ ಕೊರೆಯಿರಿ. ಟರ್ನಿಂಗ್ ಆಗಬೇಕಾದ ಮುಖಕ್ಕೆ 2-3 ಮಿಲಿಮೀಟರ್ ಪುಟ್ಟಿ ಹೆಚ್ಚಿಗೆ ಮೆತ್ತಿ. ಮರಳಿನಿಂದ ಪ್ಯಾಟರ್ನ್ ಎತ್ತುವಾಗ ಅಂಚು ಮುರಿಯದಂತೆ ನೇರ ಗೋಡೆಗಳಿಗೆ ಒಂದೆರಡು ಡಿಗ್ರಿ ಓರೆ ಕೊಡಿ.

ಎಷ್ಟು ಲೋಹ ಬೇಕು? ಪ್ಯಾಟರ್ನನ್ನು ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿ ಚೆಲ್ಲಿದ ನೀರು ಅಳೆಯಿರಿ. ನನ್ನದಕ್ಕೆ 300 ಎಂಎಲ್ ಚೆಲ್ಲಿತು. ಅದನ್ನು 2.7ರಿಂದ ಗುಣಿಸಿದರೆ 810 ಗ್ರಾಂ. ರನ್ನರು (ಲೋಹ ಅಚ್ಚಿಗೆ ಹರಿಯುವ ಕಾಲುವೆ), ರೈಸರಿಗೆ (ಕುಗ್ಗುವ ಎರಕಕ್ಕೆ ಲೋಹ ಉಣಿಸುವ ಗುಂಡಿ) ಅರ್ಧದಷ್ಟು ಸೇರಿಸಿ 1.2 ಕೆಜಿ ಕರಗಿಸಿದೆ. ಮೂಸೆ (ಲೋಹ ಕರಗಿಸುವ ಪಾತ್ರೆ) ಕೊಳ್ಳುವಾಗ ಒಂದು ಮಾತು: ಅದರ ಮೇಲಿನ ನಂಬರ್ ಸಾಮಾನ್ಯವಾಗಿ ಹಿತ್ತಾಳೆಯ ಕೆಜಿ ಲೆಕ್ಕ. ಅಲ್ಯೂಮಿನಿಯಂ ಅದರ ಮೂರನೇ ಒಂದು ಭಾಗ ಹಿಡಿಯುತ್ತದೆ ಅಷ್ಟೇ.

ಗುಜರಿಯಲ್ಲಿ ಆರಿಸುವಾಗ ಹಳೇ ಪಿಸ್ಟನ್ನು, ಸಿಲಿಂಡರ್ ಹೆಡ್ಡು, ಅಲಾಯ್ ವೀಲು ತನ್ನಿ. ಅವು ಒಮ್ಮೆ ಎರಕವಾಗಿಯೇ ಹುಟ್ಟಿದವು, ಸಿಲಿಕಾನ್ ಇರುತ್ತದೆ, ನೀರಿನಂತೆ ಹರಿಯುತ್ತವೆ. ಕಿಟಕಿಯ ಸೆಕ್ಷನ್ನು, ಕೂಲ್‌ಡ್ರಿಂಕ್ಸ್ ಡಬ್ಬಿ ಬೇಡ. ಡಬ್ಬಿ ಕರಗಿಸಿದರೆ ಮೂಸೆಯಲ್ಲಿ ಲೋಹಕ್ಕಿಂತ ಕಿಟ್ಟವೇ ಜಾಸ್ತಿ. ತೀರಾ ಹಗುರವಾದ ಎಂಜಿನ್ ಕವರ್ ಕಂಡರೆ ಒಂದು ಕಡೆ ಉಜ್ಜಿ ವಿನೆಗರ್ ಬಿಡಿ. ಬುರುಬುರು ನೊರೆ ಬಂದರೆ ಅದು ಮೆಗ್ನೀಸಿಯಂ. ಕುಲುಮೆಗೆ ಹಾಕಿದರೆ ಹೊತ್ತಿಕೊಳ್ಳುತ್ತದೆ, ನೀರು ಹಾಕಿದರೆ ಇನ್ನೂ ಜೋರಾಗುತ್ತದೆ.

ಮರಳಿನ ಹದಕ್ಕೆ ಮೀಟರ್ ಬೇಡ. ನಯವಾಗಿ ಜರಡಿ ಹಿಡಿದ ಮರಳಿಗೆ ನೂರಕ್ಕೆ 8ರಷ್ಟು ಬೆಂಟೊನೈಟ್ ಜೇಡಿ, 3ರಷ್ಟು ನೀರು. ತಂಬಿಟ್ಟಿನ ಉಂಡೆ ಕಟ್ಟಿದಂತೆ ಮುಷ್ಟಿಯಲ್ಲಿ ಹಿಸುಕಿ. ಬೆರಳಿನ ಗುರುತು ಮೂಡಬೇಕು. ನಡುವೆ ಮುರಿದರೆ ಚೊಕ್ಕ ಎರಡು ತುಂಡಾಗಬೇಕು, ಪುಡಿ ಉದುರಬಾರದು, ಕೈಗೆ ಅಂಟಲೂಬಾರದು. ಜರಡಿ ಹಿಡಿಯುವಾಗ ಮಾಸ್ಕ್ ಹಾಕಿ. ಆ ಧೂಳು ಶ್ವಾಸಕೋಶದಲ್ಲಿ ಕೂತರೆ ಹೊರಗೆ ಬರುವುದಿಲ್ಲ.

ಮೊದಲ ಚಕ್ರ ನೋಡಲು ಬಂಗಾರ. ನಡುವಿನ ಬಾಸ್ (ಶಾಫ್ಟು ಕೂರುವ ದಪ್ಪ ಭಾಗ) ಕೊರೆದಾಗ ಒಳಗೆ ಹೆಬ್ಬೆರಳು ಹೋಗುವಷ್ಟು ಪೊಳ್ಳು! ತೆಳುವಾದ ಕಡ್ಡಿಗಳು ಮೊದಲು ಗಟ್ಟಿಯಾಗಿ, ದಪ್ಪ ಬಾಸು ಕೊನೆಗೆ ಗಟ್ಟಿಯಾಗುವಾಗ ಕುಡಿಯಲು ಲೋಹ ಸಿಕ್ಕಿರಲಿಲ್ಲ. ನಾನು ಇಟ್ಟಿದ್ದ ರೈಸರ್ ಬೆರಳು ಗಾತ್ರದ್ದು, ಅದು ಬಾಸಿಗಿಂತ ಮೊದಲೇ ಹೆಪ್ಪುಗಟ್ಟಿತ್ತು. ಎರಡನೇ ಸಲ ಬಾಸಿನ ನೆತ್ತಿಯ ಮೇಲೆ ಅದಕ್ಕಿಂತ ದಪ್ಪದ ರೈಸರ್ ಇಟ್ಟೆ. ಆದರೆ ಮಾತಾಡುತ್ತಾ ನಿಂತು ಲೋಹ ತಣ್ಣಗಾಯಿತು. ಎರಡು ಕಡೆಯಿಂದ ಬಂದ ಲೋಹ ಕಡ್ಡಿಯಲ್ಲಿ ಸಂಧಿಸಿತು, ಬೆರೆಯಲಿಲ್ಲ. ಕೂದಲಿನಂಥ ಗೆರೆ. ಬೆಂಚಿಗೆ ಬಡಿದರೆ ಅಲ್ಲೇ ಮುರಿಯಿತು. ಮೂರನೆಯದಕ್ಕೆ ಥರ್ಮೋಕಪಲ್ (ಬಿಸಿ ಅಳೆಯುವ ಕಡ್ಡಿ) ಇಳಿಬಿಟ್ಟು 730 ತೋರಿಸಿದ ಮೇಲೆ ಕಿಟ್ಟ ತೆಗೆದು ಒಂದೇ ಉಸಿರಿಗೆ ಹೊಯ್ದೆ. ಅದೇ ಇವತ್ತಿಗೂ ತಿರುಗುತ್ತಿದೆ. ಚಕ್ರವನ್ನು ಶಾಫ್ಟಿಗೆ ಹಿಡಿಯುವ ಕೀ ಕೂರುವ ಜಾಗದಲ್ಲಿ ಅಲ್ಯೂಮಿನಿಯಂ ತಿಂದುಹೋಗುತ್ತದೆ ಅಂತ ಬಾಸಿಗೆ ಒಂದು ಉಕ್ಕಿನ ಬುಷ್ ಬಡಿದಿದ್ದೇನೆ.

ಕಣ್ಣಳತೆಯನ್ನು ನಂಬಬೇಡಿ. ಬಿಸಿಲಿನಲ್ಲಿ 750ರ ಅಲ್ಯೂಮಿನಿಯಂ ಕೂಡ ತಣ್ಣನೆ ಪಾದರಸದ ಹಾಗೆ ಕಾಣುತ್ತದೆ.

ಮರಳೋ, ಥರ್ಮಾಕೋಲೋ?

ಒಂದೇ ಒಂದು ಪೀಸು, ಅರ್ಜೆಂಟು, ಮೇಲ್ಮೈ ಒರಟಾದರೂ ಪರವಾಗಿಲ್ಲ ಅಂದರೆ ಥರ್ಮಾಕೋಲ್. ಕತ್ತರಿಸಿ ಆಕಾರ ಮಾಡಿ, ತೆಳು ಪ್ಲಾಸ್ಟರ್ ಬಳಿದು ಒಣಗಿಸಿ, ಒಣ ಮರಳಿನಲ್ಲಿ ಹೂತು ಮೇಲಿಂದ ಹೊಯ್ಯುವುದು. ಲೋಹ ಇಳಿದಂತೆ ಥರ್ಮಾಕೋಲ್ ಸುಟ್ಟು ಜಾಗ ಬಿಡುತ್ತದೆ. ಓರೆ ಬೇಡ, ಅಚ್ಚಿಗೆ ಮೇಲೊಂದು ಕೆಳಗೊಂದು ಅಂತ ಎರಡು ಪೆಟ್ಟಿಗೆ ಬೇಡ. ಆದರೆ ಆ ಹೊಗೆ ಕೆಟ್ಟದ್ದು, ಬಯಲಲ್ಲೇ ಮಾಡಬೇಕು. ಕೆಟ್ಟರೆ ಪ್ಯಾಟರ್ನ್ ಕೂಡ ಹೋಯಿತು. ನನ್ನ ಕೈಚಕ್ರ ಮೂರನೇ ಸಲಕ್ಕೆ ಬಂತಲ್ಲ, ಥರ್ಮಾಕೋಲಾಗಿದ್ದರೆ ಮೂರು ಚಕ್ರ ಕೆತ್ತಬೇಕಿತ್ತು. ಎರಡಕ್ಕಿಂತ ಜಾಸ್ತಿ ಬೇಕು ಅಂದರೆ ಕಣ್ಣು ಮುಚ್ಚಿ ಮರಳಿಗೆ ಹೋಗಿ.

ಸತು, ಹಿತ್ತಾಳೆ, ಬೀಡು

ಸತುವಿನ ಮಿಶ್ರಲೋಹ 400 ಡಿಗ್ರಿ ಆಸುಪಾಸಿನಲ್ಲೇ ಕರಗುತ್ತದೆ. ಹಳೇ ಕಾರ್ಬೊರೇಟರ್, ಬಾಗಿಲ ಹಿಡಿಕೆಗಳಲ್ಲಿ ಸಿಗುತ್ತದೆ. ಸಣ್ಣ ನಾಬು, ಗುಂಡಿಗಳಿಗೆ ಬಹಳ ಚೆನ್ನ. 100 ಡಿಗ್ರಿ ದಾಟುವ ಜಾಗಕ್ಕೆ, ಸದಾ ಭಾರ ಹೊರುವ ಜಾಗಕ್ಕೆ ಬೇಡ, ಮೆಲ್ಲಗೆ ಜಗ್ಗುತ್ತದೆ. ಸೀಸ ಕರಗಿಸಿದ ಪಾತ್ರೆಯಲ್ಲಿ ಸತು ಕರಗಿಸಲೇಬೇಡಿ. ಒಂದಿಷ್ಟು ಸೀಸ ಬೆರೆತರೂ ಕೆಲವು ವರ್ಷಕ್ಕೆ ತಾನಾಗಿ ಬಿರಿದು ಪುಡಿಯಾಗುತ್ತದೆ.

ಹಿತ್ತಾಳೆಯನ್ನು ನಾನು ಮನೆಯಲ್ಲಿ ಬಿಟ್ಟಿದ್ದೇನೆ. ಸತು 907 ಡಿಗ್ರಿಗೇ ಕುದಿಯುತ್ತದೆ, ಹಿತ್ತಾಳೆ ಕರಗುವುದೂ ಅಲ್ಲೇ ಸುಮಾರಿಗೆ. ಹಾಗಾಗಿ ಬಿಳಿ ಹೊಗೆ ತಪ್ಪದು. ಅದನ್ನು ಕುಡಿದ ದಿನ ಸಂಜೆ ಮಲೇರಿಯಾ ಬಂದ ಹಾಗೆ ನಡುಗಿ ಜ್ವರ ಬಂದಿತ್ತು. ಮಾರನೇ ದಿನ ಬಿಟ್ಟಿತು, ಹೆಂಡತಿಯ ಬೈಗುಳ ವಾರವಾದರೂ ಬಿಡಲಿಲ್ಲ.

ಬೀಡು ಹೊಯ್ಯಲು 1300 ಡಿಗ್ರಿ ಮೇಲೆ ಬೇಕು. ಮನೆಯಲ್ಲಿ ಬೇಡ.

ಪ್ಯಾಟರ್ನ್ ನಿಮ್ಮದು, ಎರಕ ಅವರದು

ಬಹಳ ಜನ ಇದನ್ನು ಯೋಚಿಸುವುದೇ ಇಲ್ಲ. ಬೀಡೇ ಬೇಕಾದ ಭಾಗಕ್ಕೆ ಮನೆಯಲ್ಲಿ ಕೂತು ಮರದ ಪ್ಯಾಟರ್ನ್ ಮಾಡಿ, ಫೌಂಡ್ರಿಗೆ ಒಯ್ದು ಕೊಟ್ಟರೆ ತೂಕದ ಲೆಕ್ಕದಲ್ಲಿ ಹೊಯ್ದು ಕೊಡುತ್ತಾರೆ. ದುಬಾರಿಯಾಗುವುದು ಪ್ಯಾಟರ್ನ್ ಮಾಡುವವರ ಕೂಲಿ, ಅದು ಉಳಿಯಿತಲ್ವಾ. ಬೀಡಿಗೆ ಕುಗ್ಗುವ ಲೆಕ್ಕ ನೂರಕ್ಕೆ 1, ಟರ್ನಿಂಗ್ ಮುಖಕ್ಕೆ 3 ಮಿಲಿಮೀಟರ್ ಹೆಚ್ಚಿಗೆ. ಒಳಮೂಲೆಗಳಿಗೆಲ್ಲ ಪುಟ್ಟಿ ಮೆತ್ತಿ ದುಂಡಗೆ ಮಾಡಿ, ಚೂಪು ಮೂಲೆಯೇ ಮೊದಲು ಬಿರಿಯುವುದು. ಯಾವ ಮುಖ ಟರ್ನಿಂಗ್ ಆಗಬೇಕೋ ಅದು ಅಚ್ಚಿನಲ್ಲಿ ಕೆಳಗಿರಲಿ ಅಂತ ಮೇಸ್ತ್ರಿಗೆ ಬಾಯಿಬಿಟ್ಟು ಹೇಳಿ. ಕಸ, ಗಾಳಿ ಎಲ್ಲ ಮೇಲೆ ತೇಲಿ ಬಂದು ಕೂರುತ್ತವೆ.

ಕಾಯಬೇಕು. ಒಂದು ಪೀಸಿಗೋಸ್ಕರ ಅವರು ಭಟ್ಟಿ ಹಚ್ಚುವುದಿಲ್ಲ, ತಮ್ಮ ಮಾಲು ಹೊಯ್ಯುವ ದಿನ ನಿಮ್ಮದನ್ನೂ ಸೇರಿಸುತ್ತಾರೆ. ಅವಸರ ಮಾಡಿಸಿದರೆ ಏನಾಗುತ್ತದೆ ಅಂತಲೂ ನೋಡಿದ್ದೇನೆ. ಒಂದು ಕಡೆ ನಾನು ಬಾಗಿಲಲ್ಲಿ ನಿಂತು ಪೀಡಿಸಿದ್ದಕ್ಕೆ ಕೆಂಪಗಿರುವಾಗಲೇ ಅಚ್ಚು ಒಡೆದು ನೀರು ಹಾಕಿ ಕೊಟ್ಟರು. ಲೇತಿಗೆ ಕಟ್ಟಿದರೆ ಕಾರ್ಬೈಡ್ ಟಿಪ್ಪು ಗೀರಲೂ ಇಲ್ಲ, ತಾನೇ ಚೂರಾಯಿತು. ಕೆಂಪಗಿರುವ ಬೀಡಿಗೆ ನೀರು ಬಿದ್ದರೆ ಉಕ್ಕಿಗೆ ನೀರು ಕುಡಿಸಿದ ಹಾಗೆ ಗಡುಸಾಗುತ್ತದೆ. ತೆಳು ಗೋಡೆಯೂ ಗಡುಸಾಗುತ್ತದೆ: ಅಲ್ಲಿ ಲೋಹ ಬೇಗ ಹೆಪ್ಪುಗಟ್ಟುವುದರಿಂದ ಒಳಗಿನ ಇಂಗಾಲ ಗ್ರಾಫೈಟ್ ಆಗಿ ಬಿಡಿಸಿಕೊಳ್ಳುವುದಿಲ್ಲ, ಬೆಳ್ಳಗೆ ಕಲ್ಲಾಗುತ್ತದೆ. 6 ಮಿಲಿಮೀಟರಿಗಿಂತ ತೆಳುವಾಗಿ ಎಲ್ಲೂ ಬಿಡಬೇಡಿ, ರಾತ್ರಿಯಿಡೀ ಅಚ್ಚಿನಲ್ಲೇ ಆರಲಿ ಅನ್ನಿ. ಆ ಮಂಡಕ್ಕಿ ಭಟ್ಟಿಯ ಹೌಸಿಂಗನ್ನು ಕೊನೆಗೆ ಹೀಗೇ ಮಾಡಿಸಿದ್ದು, ಅದು ಇನ್ನೂ ಅಲುಗಾಡಿಲ್ಲ.

ಬೆಂಕಿ ಹಚ್ಚುವ ಮೊದಲು

ಕುಲುಮೆಗಿಂತ ನನಗೆ ಭಯ ನೀರಿನದ್ದು. ಒಂದು ಮಳೆಗಾಲದಲ್ಲಿ ಹೊರಗಿಟ್ಟಿದ್ದ ಪಿಸ್ಟನ್ ತುಂಡನ್ನು ಒರೆಸಿ ಮೂಸೆಗೆ ಬಿಟ್ಟೆ. ಒರೆಸಿದ್ದೇನೋ ಹೌದು, ಪಿನ್ನಿನ ತೂತಿನಲ್ಲಿ ಎರಡು ಹನಿ ಉಳಿದಿತ್ತು. ನೀರು ಆವಿಯಾದರೆ ಸಾವಿರ ಪಟ್ಟು ಮೀರಿ ಹಿಗ್ಗುತ್ತದೆ. ಠಪ್ ಅಂದಿತು, ಮುಖದ ಶೀಲ್ಡಿನ ಮೇಲೆ ರೂಪಾಯಿ ಅಗಲದ ಅಲ್ಯೂಮಿನಿಯಂ ಬಿಲ್ಲೆ ಅಂಟಿತ್ತು. ಅಂದಿನಿಂದ ಪ್ರತಿ ತುಂಡನ್ನೂ ಕುಲುಮೆಯ ಅಂಚಿನ ಮೇಲೆ ಹತ್ತು ನಿಮಿಷ ಕಾಯಿಸಿಯೇ ಒಳಗೆ ಬಿಡುತ್ತೇನೆ. ಚಮಚ, ಕಡ್ಡಿ, ಉಳಿದ ಲೋಹ ಸುರಿಯುವ ಅಚ್ಚು ಎಲ್ಲಕ್ಕೂ ಇದೇ ನಿಯಮ. ಕಾಂಕ್ರೀಟ್ ನೆಲದ ಮೇಲೆ ಹೊಯ್ಯಬೇಡಿ. ಬಿಸಿ ಲೋಹ ಚೆಲ್ಲಿದರೆ ಅದರೊಳಗಿನ ತೇವಕ್ಕೆ ನೆಲವೇ ಸಿಡಿಯುತ್ತದೆ, ಕೆಳಗೆ ಒಣ ಮರಳು ಹರಡಿ. ಹತ್ತಿ ಬಟ್ಟೆ, ಚರ್ಮದ ಶೂ, ಪ್ಯಾಂಟು ಶೂವಿನ ಮೇಲೆ ಇಳಿಬಿದ್ದಿರಬೇಕು. ಚಪ್ಪಲಿಯಲ್ಲಿ ಬಂದವರನ್ನು ಗೇಟಿನ ಹೊರಗೇ ನಿಲ್ಲಿಸಿ, ಅವರು ಬೀಗರಾದರೂ ಸರಿ.

ಕೆಲಸ ಮುಗಿದ ಮೇಲೆ ಪ್ಯಾಟರ್ನ್ ಎಸೆಯಬೇಡಿ. ನಾನು ಯಾವ ಮೆಷಿನ್ನು, ಯಾವ ಲೋಹ, ಯಾವ ವರ್ಷ ಅಂತ ಚೀಟಿ ಅಂಟಿಸಿ ಅಟ್ಟದ ತೊಲೆಗೆ ತೂಗುಹಾಕುತ್ತೇನೆ. ಸದ್ಯಕ್ಕೆ 11 ಇವೆ. ಹೋದ ತಿಂಗಳು ಹರಿಹರದಿಂದ ಒಬ್ಬರು ಅದೇ ಲೇತಿನ ಕೈಚಕ್ರ ಹುಡುಕುತ್ತಾ ಬಂದರು, ಕೈಯಲ್ಲಿ ಗೋಣಿಚೀಲ. ಚೀಲ ಬಿಚ್ಚುವ ಮೊದಲೇ ನಾನು ಏಣಿ ಹತ್ತಿದ್ದೆ.